ಬೆಟ್ಟದ ದಾರಿಗೆ ಯಾವ ಟೈರು

ವರ್ಷಕ್ಕೊಮ್ಮೆ ನಡೆಯುವ ತಪಾಸಣೆಗೆ ಹೋಗಿದ್ದ ಕಾರು ಪಾಸಾಗದೆ ಮನೆಗೆ ಬಂತು. ಎಂಜಿನ್ನು ಸರಿ, ಬ್ರೇಕು ಸರಿ, ದೀಪಗಳು ಸರಿ. ನಾಲ್ಕು ಟೈರು ಮಾತ್ರ ಬೋಳಾಗಿವೆ, ಒಂದು ತಿಂಗಳೊಳಗೆ ಹೊಸದು ಹಾಕಿಸಿಕೊಂಡು ಬನ್ನಿ, ಇಲ್ಲದಿದ್ದರೆ ಗಾಡಿ ರಸ್ತೆಗಿಳಿಸುವ ಹಾಗಿಲ್ಲ ಎಂದು ಅಲ್ಲಿನವರು ಹೇಳಿ ಕಳಿಸಿದ್ದರು. ಸೊಸೆ ಈ ಸುದ್ದಿಯನ್ನು ಊಟದ ಮೇಜಿನ ಮೇಲೆ ಸೂಪಿನ ಪಾತ್ರೆ ಇಡುತ್ತಾ ಹೇಳಿದಳು. ಅಷ್ಟೇ ಸಾಕಾಯಿತು. ಅವತ್ತಿನಿಂದ ಆ ಮನೆಯಲ್ಲಿ ಉಂಡರೂ ಟೈರು, ಕೂತರೂ ಟೈರು.

ಮೊದಲು ಬಾಯಿ ಹಾಕಿದವನು ತಾತ. ಜೀವಮಾನವೆಲ್ಲ ಊರಿನ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ. ಟೈರಿನ ಮಾತು ಬಂದರೆ ಅವನ ಕಿವಿ ನೆಟ್ಟಗಾಗುತ್ತಿತ್ತು. ಬಿಸಿಲು, ಮಳೆ, ಚಳಿ ಮೂರಕ್ಕೂ ಆಗುವಂಥ ಟೈರು ಬರುತ್ತದೆ, ಅದರಲ್ಲೇ ಒಳ್ಳೆಯ ಕಂಪನಿಯದು ಹಾಕಿಸಬೇಕು, ಒದ್ದೆ ರಸ್ತೆಯಲ್ಲಿ ಅದು ಹಿಡಿದಂತೆ ಅಗ್ಗದ್ದು ಹಿಡಿಯುವುದಿಲ್ಲ ಎಂದು ಅವನು ಬ್ರೆಡ್ಡು ಮುರಿಯುತ್ತಾ ಭಾಷಣಕ್ಕೆ ಶುರುಮಾಡಿದ.

ಅಜ್ಜಿ ಅವನಿಗೆ ಮಾತು ಮುಗಿಸಲು ಬಿಡಲಿಲ್ಲ. ಮನೆಯ ದುಡ್ಡಿನ ಕೀಲಿಕೈ ಅವಳ ಸೊಂಟದಲ್ಲಿತ್ತು. ಅಗ್ಗದ್ದು ಮೂರಕ್ಕೂ ಆಗುವಂಥದ್ದೇ ಅಲ್ಲವೇ ಎಂದು ಕೇಳಿದಳು. ಹೌದು ಎಂದ ತಾತ. ದುಂಡಗಿದೆಯೇ ಎಂದು ಕೇಳಿದಳು. ತಾತನಿಗೆ ಅದಕ್ಕೂ ಹೌದು ಎನ್ನಬೇಕಾಯಿತು.

“ಹಾಗಾದ್ರೆ ಸಾಕು. ಚಾವಣಿ ಸೋರ್ತಿದೆ, ಮೊದಲು ಅದು,” ಎಂದಳು ಅಜ್ಜಿ.

ಮಗ ಕುರ್ಚಿಯ ಪಕ್ಕಕ್ಕೆ ಒರಗಿಸಿದ್ದ ಊರುಗೋಲನ್ನು ಸರಿಪಡಿಸಿಕೊಂಡ. ಅದೇ ಚಾವಣಿಯ ಒಡೆದ ಹೆಂಚು ಬದಲಿಸಲು ಹೋಗಿ ಹೋದ ವರ್ಷ ಬಿದ್ದವನು ಅವನು. ತೊಡೆಯ ಮೂಳೆ ಮುರಿದು, ತಿಂಗಳುಗಟ್ಟಲೆ ಮಲಗಿ, ಈಗಷ್ಟೇ ಹಿತ್ತಿಲ ತನಕ ಓಡಾಡುತ್ತಿದ್ದ. “ಸದ್ಯಕ್ಕೆ ಅಗ್ಗದ್ದೇ ಹಾಕಿಸೋಣ. ಹೇಗೂ ಬೇಸಿಗೆ ಹೊತ್ತಿಗೆ ನಾನು ಎದ್ದು ಓಡಾಡ್ತೀನಿ. ಆಮೇಲೆ ಬೇಕಾದ್ದು ನಾನು ನೋಡ್ಕೋತೀನಿ,” ಎಂದ.

ಹೈಸ್ಕೂಲಿನಲ್ಲಿ ಓದುವ ಮೊಮ್ಮಗಳು ಎರಡೂ ಥರದ್ದನ್ನು ಎರಡೆರಡು ಹಾಕಿಸಿದರೆ ಮನೆಯಲ್ಲಿ ಶಾಂತಿ ಇರುತ್ತದೆ ಎಂದು ಸಲಹೆ ಕೊಟ್ಟಳು. ತಾತ ಅವಳತ್ತ ನೋಡಿದ ನೋಟಕ್ಕೆ ತಟ್ಟೆ ಎತ್ತಿಕೊಂಡು ಎದ್ದು ಹೋದಳು. ಇಷ್ಟೆಲ್ಲ ನಡೆಯುವಾಗ ಸೊಸೆ ಸೂಪು ಕುಡಿದು, ಲೋಟಗಳನ್ನು ತೊಳೆದು, ಮರುದಿನದ ಡಬ್ಬಿಗಳನ್ನು ಜೋಡಿಸಲು ಹೊರಟಿದ್ದಳು.

ಆ ಡಬ್ಬಿಗಳಲ್ಲಿ ಇರುತ್ತಿದ್ದದ್ದು ಹಲ್ಲು. ಪೇಟೆಯ ಹಿಂಬೀದಿಯಲ್ಲಿ ಹಲ್ಲಿನ ಸೆಟ್ಟು ಮಾಡುವ ಒಂದು ಲ್ಯಾಬು ಇತ್ತು. ಸುತ್ತಮುತ್ತಲ ಊರುಗಳ ಹಲ್ಲಿನ ಡಾಕ್ಟರುಗಳು ಬಾಯಿಯ ಅಚ್ಚು ತೆಗೆದಿಟ್ಟರೆ, ಅದನ್ನು ತಂದು ಲ್ಯಾಬಿಗೆ ಕೊಡುವುದು, ತಯಾರಾದ ಸೆಟ್ಟುಗಳನ್ನು ತಿರುಗಿ ಕ್ಲಿನಿಕ್ಕುಗಳಿಗೆ ಮುಟ್ಟಿಸುವುದು ಮಗನ ಕೆಲಸವಾಗಿತ್ತು. ಸ್ವಂತ ಕಾರು, ತಿಂಗಳ ಸಂಬಳ. ಅವನು ಬಿದ್ದ ವಾರವೇ ಲ್ಯಾಬಿನ ಯಜಮಾನಿ ನೋಡಲು ಬಂದಳು. ಹಣ್ಣಿನ ಬುಟ್ಟಿ ಇಟ್ಟು, ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ ಎಂದು ತಲೆ ತಗ್ಗಿಸಿ ಹೇಳಿದಳು. ಮನೆಯಲ್ಲಿ ಕೂತು ಪರದೆ ಹೊಲಿಯುತ್ತಿದ್ದ ಸೊಸೆ ಮಿಷನ್ನಿನ ಗಾಲಿಯನ್ನು ಕೈಯಿಂದ ನಿಲ್ಲಿಸಿ, ಬೇರೆಯವರು ಬೇಡ, ನಾನು ಬರುತ್ತೇನೆ ಎಂದಳು. ಅವಳಿಗೆ ಆಗ ಕಾರಿನ ಬಾಗಿಲು ತೆಗೆಯುವುದು ಬಿಟ್ಟರೆ ಇನ್ನೇನೂ ಬರುತ್ತಿರಲಿಲ್ಲ.

ಕಲಿಸಿದವನು ತಾತ. ಎಷ್ಟೋ ಜನ ಗಂಡಸರಿಗೆ ಬಸ್ಸು ಕಲಿಸಿದ್ದ ಅವನಿಗೆ ಇಂಥ ಶಿಷ್ಯೆ ಸಿಕ್ಕಿರಲಿಲ್ಲ. ಬೈದರೆ ಅಳುತ್ತಿರಲಿಲ್ಲ, ಹೊಗಳಿದರೆ ಹಿಗ್ಗುತ್ತಿರಲಿಲ್ಲ. ಕ್ಲಚ್ಚು ಬಿಟ್ಟಾಗ ಏನಾಗುತ್ತದೆ, ಯಾಕೆ ಹಾಗಾಗುತ್ತದೆ ಎಂದು ಮಾತ್ರ ಕೇಳುತ್ತಿದ್ದಳು. ಒಂದು ದಿನ ತರಕಾರಿ ಮಾರ್ಕೆಟ್ಟಿನ ಎದುರಿಗೇ ಗಾಡಿ ನಿಂತುಹೋಯಿತು. ಹಿಂದೆ ಸಾಲುಗಟ್ಟಿದವರೆಲ್ಲ ಹಾರ್ನು ಒತ್ತಿ ಊರೇ ಎದ್ದು ಕೂರುವ ಹಾಗೆ ಮಾಡಿದರು. ತಾತನಿಗೇ ಬೆವರಿಳಿಯಿತು. ಸೊಸೆ ಕೆಳಗಿಳಿದು ಹಿಂದಿನ ಗಾಡಿಯವನ ಕಿಟಕಿ ತಟ್ಟಿ, “ಕಲೀತಿದ್ದೀನಿ, ಸ್ವಲ್ಪ ತಾಳ್ಕೊಳ್ಳಿ,” ಎಂದು ಹೇಳಿ ಬಂದು, ಗಾಡಿ ಚಾಲೂ ಮಾಡಿಕೊಂಡು ಹೊರಟೇಬಿಟ್ಟಳು. ಆ ಕಥೆಯನ್ನು ತಾತ ಪಾರ್ಕಿನ ಬೆಂಚಿನಲ್ಲಿ ತನ್ನ ಹಳೆಯ ಗೆಳೆಯರಿಗೆ ಎಷ್ಟು ಸಲ ಹೇಳಿದ್ದನೆಂದರೆ, ಅವರೇ ಈಗ ಅದನ್ನು ಅವನಿಗಿಂತ ಚೆನ್ನಾಗಿ ಹೇಳುತ್ತಿದ್ದರು.

ಲೈಸೆನ್ಸು ಸಿಗುವ ತನಕ ಯಜಮಾನಿ ಹೇಗೋ ತೂಗಿಸಿಕೊಂಡಳು. ಸಿಕ್ಕಿದ ಮೇಲೆ ಸೊಸೆ ಗಂಡನ ಹಳೆಯ ದಾರಿ ಹಿಡಿದಳು. ಕೆಲವು ತಿಂಗಳು ಕಳೆದಾಗ ಬೆಟ್ಟದ ಮೇಲಿನ ಊರಿನ ಕ್ಲಿನಿಕ್ಕುಗಳನ್ನೂ ಹಿಡಿದಳು. ಮಗ ಬೆಟ್ಟಕ್ಕೆ ಹೋಗುತ್ತಿದ್ದದ್ದು ಅಪರೂಪಕ್ಕೆ. ಅವಳು ವಾರಕ್ಕೆರಡು ಸಲ ಹೋಗತೊಡಗಿದಳು. ಬೆಟ್ಟದ ಮೇಲೆ ನಗುವವರೆಲ್ಲ ನನ್ನ ಸೊಸೆ ತಂದುಕೊಟ್ಟ ಹಲ್ಲಲ್ಲೇ ನಗುವುದು ಎಂದು ತಾತ ಹೇಳಿಕೊಂಡು ತಿರುಗುತ್ತಿದ್ದ.

ಹಾಗಾಗಿ ಟೈರಿನ ವಿಷಯದಲ್ಲಿ ತಾನು ಸೊಸೆಯ ಪಕ್ಷ ಎಂದೇ ಅವನು ತಿಳಿದಿದ್ದ. ಬೆಳಿಗ್ಗೆ ಚಹಾ ಕುಡಿಯುವಾಗ ಅಜ್ಜಿಯೊಡನೆ, ಮಧ್ಯಾಹ್ನ ಬಟಾಣಿ ಬಿಡಿಸುವಾಗ ಮಗನೊಡನೆ ವಾದ ಮಾಡಿದ. ಮಗ ಮಲಗಿದಲ್ಲೇ ಮೊಬೈಲಿನಲ್ಲಿ ಟೈರಿನ ವಿಡಿಯೋಗಳನ್ನು ನೋಡಿ ನೋಡಿ ಪಂಡಿತನಾಗಿದ್ದ. ಪೇಟೆಯೊಳಗೆ ಮೆಲ್ಲಗೆ ಓಡುವ ಗಾಡಿಗೆ ದುಬಾರಿ ಟೈರು ದಂಡ ಎಂದು ಅವನು ಒಂದು ವಿಡಿಯೋ ತೋರಿಸಿದರೆ, ಒದ್ದೆ ರಸ್ತೆಯಲ್ಲಿ ಎರಡು ಕಾರು ಒಟ್ಟಿಗೆ ಬ್ರೇಕು ಹಾಕಿ, ಅಗ್ಗದ ಟೈರಿನದು ತುಂಬ ಮುಂದೆ ಹೋಗಿ ನಿಲ್ಲುವ ಇನ್ನೊಂದನ್ನು ತಾತ ಮೊಮ್ಮಗಳ ಕೈಲಿ ಹುಡುಕಿಸಿ ತೋರಿಸಿದ. ಇಬ್ಬರ ಮಾತಿನಲ್ಲೂ ಹುರುಳಿತ್ತು. ಅದಕ್ಕೇ ಜಗಳ ಮುಗಿಯುತ್ತಿರಲಿಲ್ಲ.

ಎರಡನೇ ವಾರ ಮಗ ಯಾರಿಗೂ ಹೇಳದೆ ಅಂಗಡಿಗೆ ಫೋನು ಮಾಡಿ ಅಗ್ಗದ ಟೈರು ತೆಗೆದಿಡಲು ಹೇಳಿದ. ಗಾಡಿ ಯಾವಾಗ ತರುತ್ತೀರಿ ಎಂದು ಕೇಳಲು ಅಂಗಡಿಯವನು ಗಾಡಿ ಓಡಿಸುವ ಸೊಸೆಗೇ ಫೋನು ಮಾಡಿದ. ಅವತ್ತು ಸಂಜೆ ಅವಳು ಮನೆಗೆ ಬಂದು, ಕೈಕಾಲು ತೊಳೆದು, ಎಲ್ಲರಿಗೂ ಆಲೂಗೆಡ್ಡೆ ಬಡಿಸಿ, ತಾನೂ ಬಡಿಸಿಕೊಂಡು ಕೂತ ಮೇಲೆ ಹೇಳಿದಳು: “ಅಂಗಡಿಯವರಿಗೆ ಆ ಟೈರು ಬೇಡ ಅಂದೆ.”

ಮಗನ ಮುಖ ಕೆಂಪಾಯಿತು. “ಬೇಡ ಅನ್ನೋಕೆ ಮುಂಚೆ ನನ್ನನ್ನ ಒಂದು ಮಾತು ಕೇಳಬೇಕಿತ್ತು.”

“ಬೇಕು ಅನ್ನೋಕೆ ಮುಂಚೆ ನೀವೂ ನನ್ನನ್ನ ಕೇಳಲಿಲ್ಲ.”

“ಇನ್ನು ನಾಲ್ಕು ತಿಂಗಳು. ಆಮೇಲೆ ನಾನೇ ಓಡಿಸ್ತೀನಿ. ಅಷ್ಟಕ್ಕೆ ಯಾವ ಟೈರಾದ್ರೇನು?”

“ಆಮೇಲೆ ನಾನು?”

“ನೀನು ಆರಾಮಾಗಿ ಮನೇಲಿರು. ಇಷ್ಟು ದಿನ ಕಷ್ಟಪಟ್ಟಿದ್ದು ಸಾಲದಾ?”

ಅವನು ಅದನ್ನು ಪ್ರೀತಿಯಿಂದಲೇ ಹೇಳಿದ್ದ, ತಾತನಿಗೂ ಹಾಗೇ ಕೇಳಿಸಿತು. ಆದರೆ ಸೊಸೆ ಕೈಯಲ್ಲಿದ್ದ ಚಮಚವನ್ನು ತಟ್ಟೆಯ ಅಂಚಿಗಿಟ್ಟಳು. ಆಮೇಲೆ ಊಟ ಮುಂದುವರಿಸಿದಳು. ಆ ರಾತ್ರಿ ಮತ್ತೆ ಯಾರೂ ಟೈರಿನ ಸುದ್ದಿ ಎತ್ತಲಿಲ್ಲ.

ತಾತನಿಗೆ ಮಾತ್ರ ಏನೋ ಕಚ್ಚಿದಂತಾಯಿತು. ಮುಂದಿನ ಸಲ ಅವಳು ಬೆಟ್ಟಕ್ಕೆ ಹೊರಟಾಗ, ಗಾಳಿ ಬದಲಾದರೆ ಮಂಡಿನೋವಿಗೆ ಒಳ್ಳೆಯದು ಎಂದು ನೆಪ ತೆಗೆದು ಪಕ್ಕದ ಸೀಟಿನಲ್ಲಿ ಹತ್ತಿ ಕೂತ. ಕಲಿಸಿದ ಮೇಲೆ ಅವಳ ಜೊತೆ ಅಷ್ಟು ದೂರ ಅವನು ಹೋಗಿರಲಿಲ್ಲ.

ಜಿಟಿಜಿಟಿ ಮಳೆ. ಬೆಟ್ಟದ ಬುಡದಲ್ಲಿ ಅವಳು ಗಾಡಿ ನಿಲ್ಲಿಸಿ ಇಳಿದು, ನಾಲ್ಕು ಟೈರಿನ ಸುತ್ತ ಒಂದು ಸುತ್ತು ಬಂದು, ಹಿಂದಿನ ಸೀಟಿನ ಡಬ್ಬಿಗಳ ಪಟ್ಟಿ ಬಿಗಿ ಮಾಡಿ, ಮತ್ತೆ ಹತ್ತಿದಳು. ಏರಿನಲ್ಲಿ ಅವಸರವಿಲ್ಲ. ತಿರುವಿಗೆ ಮುಂಚೆಯೇ ವೇಗ ಇಳಿಸುತ್ತಿದ್ದಳೇ ಹೊರತು ತಿರುವಿನಲ್ಲಿ ಬ್ರೇಕು ಮುಟ್ಟುತ್ತಿರಲಿಲ್ಲ. ಹಿಂದಿನಿಂದ ಯಾರಾದರೂ ಅವಸರಪಟ್ಟರೆ ಬದಿಗೆ ಸರಿದು, ಕೈ ಬೀಸಿ, ಹೋಗಲು ಬಿಡುತ್ತಿದ್ದಳು. ತಾನು ಹೇಳಿಕೊಟ್ಟದ್ದು ಎಲ್ಲಿ ಮುಗಿಯಿತು, ಅವಳು ತಾನಾಗಿ ಕಲಿತದ್ದು ಎಲ್ಲಿ ಶುರುವಾಯಿತು ಎಂದು ತಾತ ಲೆಕ್ಕ ಹಾಕಲು ನೋಡಿದ. ಅರ್ಧ ಬೆಟ್ಟ ಹತ್ತುವಷ್ಟರಲ್ಲಿ ಆ ಲೆಕ್ಕ ಕೈಬಿಟ್ಟು ಸುಮ್ಮನೆ ನೋಡುತ್ತಾ ಕೂತ.

ಮೇಲಿನ ಊರಿನ ಕ್ಲಿನಿಕ್ಕಿನಲ್ಲಿ ಅವಳಿಗಾಗಿ ಕಾದಿದ್ದರು. ಹಳೆಯ ದಿನಸಿ ಅಂಗಡಿಯ ಮುದುಕನೊಬ್ಬ ಬೊಚ್ಚು ಬಾಯಿ ಮುಚ್ಚಿಕೊಂಡು ಬೆಂಚಿನ ಮೇಲೆ ಕೂತಿದ್ದ. ಡಾಕ್ಟರು ಡಬ್ಬಿ ತೆಗೆದು ಸೆಟ್ಟು ಕೂರಿಸಿ, ಏನಾದರೂ ಮಾತಾಡಿ ನೋಡಿ ಎಂದರು. ಮುದುಕ ಸ್ವಲ್ಪ ಯೋಚಿಸಿ, “ಸಕ್ಕರೆ, ಸಾಬೂನು, ಸೀಮೆಎಣ್ಣೆ,” ಎಂದ. ಸರಿಯಾಗಿ ಕೇಳಿಸಿತು. ಅವನಿಗೇ ನಂಬಿಕೆ ಬರದೆ ಮತ್ತೊಮ್ಮೆ ಹೇಳಿದ. ಆಮೇಲೆ ತಡೆಯುವವರೇ ಇಲ್ಲ. ತನ್ನ ಅಂಗಡಿಯ ಕಪಾಟು ಕಪಾಟನ್ನೇ ಹೇಳಿಕೊಂಡು ಹೋದ. ಸೊಸೆ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಮನೆಯಲ್ಲಿ ಅವಳು ಹಾಗೆ ನಕ್ಕದ್ದನ್ನು ತಾತ ಇತ್ತೀಚೆಗೆ ನೋಡಿರಲಿಲ್ಲ.

ಇಳಿಯುವಾಗ ಅದು ನಡೆಯಿತು. ಮುಂದೆ ಹೋಗುತ್ತಿದ್ದ ಮರದ ದಿಮ್ಮಿಯ ಲಾರಿ ಮೇಕೆಯೊಂದು ಅಡ್ಡ ಬಂತೆಂದು ಗಕ್ಕನೆ ನಿಂತಿತು. ಸೊಸೆ ಬ್ರೇಕು ಒತ್ತಿದಳು. ಚಕ್ರ ನಿಂತರೂ ಗಾಡಿ ನಿಲ್ಲಲಿಲ್ಲ, ಎಣ್ಣೆಯ ಮೇಲೆ ಸರಿದ ಹಾಗೆ ಸರಿಯಿತು. ಅವಳು ಬ್ರೇಕು ಬಿಟ್ಟು ಹಿಡಿದು, ಬಿಟ್ಟು ಹಿಡಿದು, ಸ್ಟೇರಿಂಗು ನೆಟ್ಟಗಿಟ್ಟುಕೊಂಡು ನಿಲ್ಲಿಸಿದಳು. ದಿಮ್ಮಿಗಳಿಗೂ ಗಾಜಿಗೂ ನಡುವೆ ಇನ್ನೂ ಒಂದು ಕಾರು ನಿಲ್ಲುವಷ್ಟು ಜಾಗ ಉಳಿದಿತ್ತು. ಅಷ್ಟು ಉಳಿಯುವ ಹಾಗೆ ಅವಳು ಮೊದಲೇ ದೂರ ಬಿಟ್ಟುಕೊಂಡು ಬಂದಿದ್ದಳು.

ಅವಳು ರಸ್ತೆಯ ಪಕ್ಕದಲ್ಲಿ ಗಾಡಿ ನಿಲ್ಲಿಸಿ ತಾತನಿಗೆ ನೀರಿನ ಬಾಟಲಿ ಕೊಟ್ಟಳು. “ಇದು ಜಾರುತ್ತೆ ಅಂತ ಗೊತ್ತು ಮಾವ. ಅದಕ್ಕೇ ದೂರ ಇರ್ತೀನಿ. ಹೊಸದು ಯಾವುದೇ ಹಾಕಿದ್ರೂ ಇಷ್ಟು ಜಾರಲ್ಲ,” ಎಂದಳು.

ತಾತ ನೀರು ಕುಡಿದ. ಟೈರಿನ ಬಗ್ಗೆ ತಾನು ಎರಡು ವಾರದಿಂದ ಆಡಿದ ಮಾತುಗಳೆಲ್ಲ ಅವನಿಗೆ ನೆನಪಾದವು. ಒಂದು ಮಾತನ್ನಾದರೂ ಇವಳಿಗೆ ಆಡಿರಲಿಲ್ಲ, ಇವಳ ಪರವಾಗಿ ಬೇರೆಯವರಿಗೆ ಆಡಿದ್ದೇ ಎಲ್ಲ. “ನಿನಗೆ ಯಾವುದು ಬೇಕಮ್ಮ?” ಎಂದು ಕೇಳಿದ.

ಗಾಜು ಒರೆಸುವ ಕಡ್ಡಿಗಳು ಕಿರ್‍ರೆನ್ನುತ್ತಿದ್ದವು, ಅವಳು ಅವುಗಳನ್ನು ನಿಲ್ಲಿಸಿದಳು.

“ಬರೀ ಪೇಟೆ ಸುತ್ತೋದಾದ್ರೆ ಅಗ್ಗದ್ದು ಸಾಕು ಮಾವ. ಅವರು ಹೇಳೋದು ಸರಿ. ಬೆಟ್ಟಕ್ಕೆ, ಅದೂ ಚಳಿಗಾಲದಲ್ಲಿ ಬರೋದಾದ್ರೆ ನೀವು ಹೇಳೋದು ಸರಿ. ಯಾವ ಟೈರು ಅಂತ ಎಲ್ಲರೂ ಕೇಳ್ತಿದ್ದಾರೆ. ಓಡಿಸೋರು ಯಾರು ಅಂತ ಯಾರೂ ಕೇಳ್ತಿಲ್ಲ.”

ಆಮೇಲೆ ಅವಳು ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಹೇಳಿದಳು. ಲ್ಯಾಬಿನ ಯಜಮಾನಿ ಬೆಟ್ಟದ ದಾರಿಯನ್ನು ಅವಳಿಗೇ ಖಾಯಂ ಮಾಡಿಕೊಡುತ್ತೇನೆ ಎಂದಿದ್ದಳು. ಬೆಟ್ಟದಾಚೆಯ ಕಣಿವೆಯ ಕ್ಲಿನಿಕ್ಕುಗಳೂ ಕೇಳುತ್ತಿವೆಯಂತೆ. ಒಪ್ಪಿಕೊಳ್ಳಬೇಕೆಂದು ಅವಳಿಗೆ ಆಸೆ. ಗಂಡ ಈಗಷ್ಟೇ ಕಾಲೂರಿ ನಿಲ್ಲುತ್ತಿದ್ದಾನೆ, ಮತ್ತೆ ಗಾಡಿ ಹತ್ತುವ ಆಸೆಯಲ್ಲೇ ಬೆಳಿಗ್ಗೆ ಎದ್ದು ವ್ಯಾಯಾಮ ಮಾಡುತ್ತಿದ್ದಾನೆ. ಈಗ ಹೋಗಿ ಕೆಲಸ ನನಗಿರಲಿ ಎಂದರೆ ಅವನು ಕುಸಿದುಬಿಟ್ಟರೆ ಎಂಬ ಭಯ.

“ನಾನು ಹೇಳಲಾ ಅವನಿಗೆ?” ಎಂದ ತಾತ.

“ಬೇಡ ಮಾವ. ನಾನೇ ಹೇಳ್ತೀನಿ.”

ಅವತ್ತೇ ಹೇಳಿದಳು. ಸುತ್ತಿ ಬಳಸಲಿಲ್ಲ. ಊಟ ಮುಗಿದು ಮೇಜು ಒರೆಸಿದ ಮೇಲೆ ಗಂಡನ ಎದುರಿಗೆ ಕೂತು, ಬೆಟ್ಟದ ದಾರಿ ನಾನು ಬಿಡುವುದಿಲ್ಲ, ನೀವು ಗುಣವಾದ ಮೇಲೂ ಬಿಡುವುದಿಲ್ಲ ಎಂದಳು. ಲ್ಯಾಬಿನಲ್ಲಿ ಇಬ್ಬರಿಗೂ ಕೆಲಸವಿದೆ, ಪೇಟೆಯ ಕ್ಲಿನಿಕ್ಕುಗಳನ್ನು ನೀವು ಬೇರೆ ದಿನಗಳಲ್ಲಿ ನೋಡಿಕೊಳ್ಳಬಹುದು, ಆದರೆ ಟೈರು ಬೆಟ್ಟಕ್ಕೆ ಆಗುವಂಥದ್ದೇ ಬೇಕು ಎಂದಳು. ತನ್ನ ಕಾಲದಲ್ಲಿ ದೊಡ್ಡ ದೊಡ್ಡ ಅಧಿಕಾರಿಗಳ ಮುಂದೆ ನಿಂತು ಮಾತಾಡಿದವರನ್ನು ತಾತ ಕಂಡಿದ್ದ. ಸ್ವಂತ ಗಂಡನ ಎದುರಿಗೆ, ಅವನ ಮನಸ್ಸು ನೋಯುತ್ತದೆ ಎಂದು ಗೊತ್ತಿದ್ದೂ, ಇಷ್ಟು ನೇರವಾಗಿ ಮಾತಾಡುವುದು ಅದಕ್ಕಿಂತ ಕಷ್ಟ ಎಂದು ಅವನಿಗನ್ನಿಸಿತು.

ಮಗ ಊರುಗೋಲು ತೆಗೆದುಕೊಂಡು ಕೋಣೆಗೆ ಹೋದ.

ಮಾತಾಡಿದವಳು ಅಜ್ಜಿ. ಅವಳು ಕೂಗಾಡುತ್ತಾಳೆಂದು ತಾತ ಕಾದಿದ್ದ. ಅವಳು ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಾ, “ನನಗೆ ಇದು ಮೊದಲೇ ಗೊತ್ತಿತ್ತು,” ಎಂದಳು. “ಒಳ್ಳೇ ಟೈರು ಹಾಕಿಸಿದ್ರೆ ನೀನು ಬೆಟ್ಟ ಬಿಡಲ್ಲ ಅಂತ. ಅದಕ್ಕೇ ಅಗ್ಗದ್ದು ಸಾಕು ಅಂದೆ. ಮಳೆ ಬಂದ ದಿನ ನೀನು ಬರೋ ತನಕ ನಾನು ಕಿಟಕಿ ಬಿಟ್ಟು ಕದಲಿದ್ದೀನಾ, ಇವರನ್ನ ಕೇಳು. ಮಗ ಬಿದ್ದಿದ್ದು ನೋಡಿದ ಮೇಲೆ ನನಗೆ ಧೈರ್ಯ ಅನ್ನೋದೇ ಇಲ್ಲ.”

ತಾತ ಬೆರಗಾದ. ಇಷ್ಟು ವರ್ಷ ಜೊತೆಗೆ ಬಾಳಿದವಳು ಜಿಪುಣತನದ ಮಾತಾಡುತ್ತಿದ್ದಾಳೆ ಎಂದು ಅವನು ತಿಳಿದಿದ್ದ. ಅವಳು ಭಯದ ಮಾತಾಡುತ್ತಿದ್ದಳು. ಸೊಸೆ ಎದ್ದು ಹೋಗಿ ಅತ್ತೆಯ ಕೈಯಿಂದ ಬಟ್ಟೆ ಬಿಡಿಸಿಕೊಂಡು, ಆ ಕೈಯನ್ನು ಹಾಗೇ ಹಿಡಿದುಕೊಂಡಳು. ನಾನು ಹೋಗುವುದಂತೂ ಖಂಡಿತ, ನಿಮ್ಮ ಭಯ ಕಮ್ಮಿಯಾಗಬೇಕಾದರೆ ಯಾವ ಟೈರು ಹಾಕಿಸಲಿ, ನೀವೇ ಹೇಳಿ ಎಂದು ಕೇಳಿದಳು. ಅಜ್ಜಿ ಮೂಗು ಒರೆಸಿಕೊಂಡಳು. ಚಾವಣಿಯ ಕೆಳಗೆ ಇನ್ನೊಂದು ವರ್ಷ ಬಕೆಟ್ಟು ಇಟ್ಟರಾಯಿತು ಎಂದು ಗೊಣಗುತ್ತಾ ಒಳಗೆ ಹೋದಳು. ಅದೇ ಅವಳ ಒಪ್ಪಿಗೆ.

ಮಗ ಮಾತ್ರ ನಾಲ್ಕಾರು ದಿನ ಮುಖ ಗಂಟಿಕ್ಕಿಕೊಂಡೇ ಇದ್ದ. ಕೇಳಿದ್ದಕ್ಕೆ ಹ್ಞೂಂ, ಉಹ್ಞೂಂ. ಆದರೂ ಸೊಸೆ ಹೊರಟ ಮೇಲೆ ಅವನು ಸಿಂಕಿನ ಪಾತ್ರೆ ತೊಳೆದಿಟ್ಟದ್ದನ್ನು, ಕುಂಟುತ್ತಲೇ ಹಿತ್ತಿಲಿಗೆ ಹೋಗಿ ಅವಳ ಬಟ್ಟೆಗಳನ್ನು ಹಗ್ಗದ ಮೇಲೆ ಹರವಿದ್ದನ್ನು ತಾತ ನೋಡಿದ. ನೋಡಿಯೂ ನೋಡದಂತಿದ್ದ. ಒಂದು ಮಧ್ಯಾಹ್ನ ಮಗ ಅಪ್ಪನ ಪಕ್ಕದಲ್ಲಿ ಬಂದು ಕೂತು, ಅವಳು ಬೆಟ್ಟದಲ್ಲಿ ಹೇಗೆ ಓಡಿಸುತ್ತಾಳೆ ಎಂದು ವಿಚಾರಿಸಿದ. ತಾತ ಲಾರಿಯ ವಿಷಯ ಹೇಳಿದ, ಮುಂದೆ ಉಳಿದಿದ್ದ ಜಾಗದ ವಿಷಯವನ್ನೂ ಹೇಳಿದ. “ನಾನಾಗಿದ್ರೆ ಅಷ್ಟು ಜಾಗ ಬಿಡ್ತಿರಲಿಲ್ಲ ಅಪ್ಪ,” ಎಂದ ಮಗ.

ಮರುದಿನ ಬೆಳಿಗ್ಗೆ ಅವನು ಶರ್ಟು ಹಾಕಿಕೊಂಡು, ಬಾ ಅಪ್ಪ, ಟೈರಿನ ಅಂಗಡಿಗೆ ಹೋಗಿ ಬರೋಣ ಎಂದ. ಬಿದ್ದ ಮೇಲೆ ಆಸ್ಪತ್ರೆ ಬಿಟ್ಟರೆ ಅವನು ಹೊರಗೆ ಹೊರಟದ್ದು ಅದೇ ಮೊದಲು. ಬಸ್ಸಿನಲ್ಲಿ ಹೋದರು. ಅಂಗಡಿಯ ತುಂಬ ರಬ್ಬರಿನ ವಾಸನೆ, ಗೋಡೆಯುದ್ದಕ್ಕೂ ಪೇರಿಸಿಟ್ಟ ಟೈರು. ಅಂಗಡಿಯವನು ಎರಡು ಟೈರು ಉರುಳಿಸಿಕೊಂಡು ಬಂದು ಎದುರಿಗೆ ನಿಲ್ಲಿಸಿ, ಎರಡರ ಗೆರೆಗಳಲ್ಲೂ ಬೆರಳು ಆಡಿಸಿ ತೋರಿಸಿದ. ಈ ಒತ್ತಾದ ಸಣ್ಣ ಸಣ್ಣ ಸೀಳುಗಳಿಂದ ನೀರು ಬೇಗ ಹೊರಗೆ ಹೋಗುತ್ತದೆ, ಚಳಿಯಲ್ಲೂ ಇದರ ರಬ್ಬರು ಗಟ್ಟಿಯಾಗುವುದಿಲ್ಲ, ಅದಕ್ಕೇ ಬೆಲೆ ಜಾಸ್ತಿ ಎಂದ. ಪೇಟೆಯೊಳಗೆ ಮಾತ್ರ ಓಡಿಸುವುದಾದರೆ ಇದಕ್ಕೆ ದುಡ್ಡು ಸುರಿಯಬೇಡಿ ಎಂದೂ ಹೇಳಿದ.

“ಎಷ್ಟು ವರ್ಷ ಬರುತ್ತೆ ಇದು?” ಎಂದು ಕೇಳಿದ ಮಗ.

“ನಾಲ್ಕು ಅಂತ ಇಟ್ಕೊಳ್ಳಿ. ನಿಧಾನವಾಗಿ ಓಡಿಸೋರಾದ್ರೆ ಐದು. ಗಾಡಿ ನೀವೇ ಓಡಿಸೋದಾ?”

ತಾತ ಗೋಡೆಯ ಕಡೆ ತಿರುಗಿ ಒಂದು ಟೈರನ್ನು ಪರೀಕ್ಷಿಸುವವನಂತೆ ಬಗ್ಗಿದ. ಬೆನ್ನ ಹಿಂದೆ ಮಗನ ಊರುಗೋಲು ನೆಲಕ್ಕೆ ತಾಗಿದ ಸದ್ದು ಕೇಳಿತು.

“ಇಲ್ಲ, ನನ್ನ ಹೆಂಡತಿ,” ಎಂದ ಮಗ. “ಐದು ಅಂತಲೇ ಇಟ್ಕೊಳ್ಳಿ. ಅವಳು ನಿಧಾನವಾಗಿ ಓಡಿಸ್ತಾಳೆ.”

ಟೈರು ಹಾಕಿಸಿ, ತಪಾಸಣೆಯಲ್ಲಿ ಪಾಸಾಗಿ, ಗಾಡಿ ಮತ್ತೆ ಬೆಟ್ಟಕ್ಕೆ ಹೊರಟ ದಿನ ರಜೆ ಇತ್ತೆಂದು ಮೊಮ್ಮಗಳೂ ಹತ್ತಿದಳು, ಜೊತೆಗೆ ತಾತನೂ. ಅಜ್ಜಿ ಬರಲಿಲ್ಲ. ಹೊರಗೆ ಬಂದು ನಾಲ್ಕು ಟೈರನ್ನೂ ಕಾಲಿನಿಂದ ಒಂದೊಂದು ಸಲ ಒತ್ತಿ ನೋಡಿ, ಪರವಾಗಿಲ್ಲ ಎಂದಳು. ಮಗ ಕಾರನ್ನು ಸುತ್ತಿ ಬಂದು, ಸೊಸೆಯ ಪಕ್ಕದ ಬಾಗಿಲು ತಾನೇ ತೆಗೆದುಕೊಂಡು ಕೂತ. ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡ.

ಹಿಂದಿನ ಸೀಟಿನಿಂದ ತಾತನಿಗೆ ಮಗನ ಕಾಲು ಕಾಣುತ್ತಿತ್ತು. ಮೊದಲ ತಿರುವಿನಲ್ಲಿ ಆ ಕಾಲು ಇಲ್ಲದ ಬ್ರೇಕನ್ನು ಬಲವಾಗಿ ಒತ್ತಿತು. ಎರಡನೆಯದರಲ್ಲೂ ಒತ್ತಿತು. ಸೊಸೆ ನೋಡಿದಳೋ ಇಲ್ಲವೋ, ತನ್ನ ಪಾಡಿಗೆ ತಾನು ವೇಗ ಇಳಿಸುತ್ತಾ, ತಿರುಗಿಸುತ್ತಾ, ಏರುತ್ತಾ ಹೋದಳು. ರಸ್ತೆ ಒದ್ದೆಯಾಗಿತ್ತು. ಟೈರು ನೆಲವನ್ನು ಹಿಡಿದುಕೊಂಡೇ ಹತ್ತುತ್ತಿತ್ತು. ಕಾಲು ಭಾಗ ಬೆಟ್ಟ ಏರುವಷ್ಟರಲ್ಲಿ ಆ ಕಾಲು ಸಡಿಲವಾಗಿ, ಮುಂದಕ್ಕೆ ಚಾಚಿಕೊಂಡಿತು.

ಮಗ ಕಿಟಕಿಯ ಗಾಜು ಇಳಿಸಿದ. ತಣ್ಣನೆಯ ಗಾಳಿ ಒಳಗೆ ನುಗ್ಗಿತು. “ಈ ಕಡೆ ಒಂದು ಝರಿ ಇದೆ. ಗಾಡಿ ಓಡಿಸ್ಕೊಂಡು ಬಂದಾಗ ಒಂದು ಸಲನೂ ನೋಡಿರಲಿಲ್ಲ,” ಎಂದ.

“ನಾನೂ ನೋಡಿಲ್ಲ,” ಎಂದಳು ಸೊಸೆ, ರಸ್ತೆಯಿಂದ ಕಣ್ಣು ತೆಗೆಯದೆ. “ಏನೇನು ಕಾಣುತ್ತೆ, ಹೇಳ್ತಾ ಬನ್ನಿ.”